ತೂತು ತೂತೇ ಅಲ್ವಾ?

ಭಾನುವಾರ, ಬೆಳಿಗ್ಗೆ

ಏನೂಂದ್ರೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ‘ಮಾನ್ಯರೇ’ ಎಂದು ಬರೆದು ನೋಡಿದೆ, ಪಕ್ಕದಲ್ಲಿ ಕುಳಿತು ಇಣುಕುತ್ತಿದ್ದ ಅತ್ತೆ ನಕ್ಕುಬಿಟ್ಟರು. ಹಾಗಾಗಿ ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ಇದರಿಂದ ಏನೇನೋ ಊಹಿಸಿಕೊಳ್ಳಬೇಡಿ. ಬಾಯಿಗೆ ಅಭ್ಯಾಸವಾದದ್ದು ಅಷ್ಟು ಬೇಗ ಬಿಡುವುದಿಲ್ಲ.

ನಿಮ್ಮ ಪತ್ರ ಶುಕ್ರವಾರ ಕಾರ್ಖಾನೆಯ ಟಪಾಲು ಚೀಲದಲ್ಲಿ ಬಂತು. ಫೋನ್ ಮಾಡಿದರೆ ನಾನು ಅರ್ಧದಲ್ಲೇ ಇಟ್ಟುಬಿಡುತ್ತೇನೆಂದು ಕಾಗದ ಬರೆದಿದ್ದೀರಿ. ಅದೊಂದು ಜಾಣತನ, ನಿಮ್ಮಲ್ಲಿ ಜಾಣತನ ಕಂಡು ಬಹಳ ಕಾಲವಾಗಿತ್ತು. ಮೊದಲ ಪುಟದಲ್ಲಿ ನಾನು ನಿಮ್ಮ ಜೀವ. ಎರಡನೆಯ ಪುಟದಲ್ಲಿ ನಿಮಗೆ ಬೇಕಾದದ್ದು ನನ್ನ ಸಹಿ. ಪುಟ ತಿರುಗಿಸುವಷ್ಟರಲ್ಲಿ ಇಷ್ಟು ಇಳಿದುಹೋದ ಹೆಂಡತಿ ಇನ್ನೊಬ್ಬಳು ಇರಲಾರಳು. ಬೆಣ್ಣೆ ಹಚ್ಚುವುದಾದರೆ ಕೊನೆಯವರೆಗೂ ಹಚ್ಚಬೇಕು ರೀ, ಅರ್ಧ ಹಚ್ಚಿ ಚಾಕು ಕೈಗೆ ತೆಗೆದುಕೊಳ್ಳಬಾರದು.

ಆ ಮೊದಲ ಪುಟದಲ್ಲಿ ಒಂದು ಮಾತಿದೆ. ಹೆಂಡತಿಯಾದವಳು ನಮ್ಮ ಹೊಸ ತಗಡಿನ ಹಾಗಿರಬೇಕು, ಗಟ್ಟಿಯಾಗಿಯೂ ಇರಬೇಕು, ಬೇಕೆಂದ ಕಡೆ ಬಗ್ಗಲೂ ಬೇಕು, ಮೇಲೆ ಹೊಳೆಯಲೂ ಬೇಕು ಎಂದು. ಬರೆದ ಮೇಲೆ ನೀವು ಪೆನ್ನು ಕೆಳಗಿಟ್ಟು ನಿಮ್ಮ ಬೆನ್ನು ನೀವೇ ತಟ್ಟಿಕೊಂಡಿರುತ್ತೀರಿ, ನನಗೆ ಗೊತ್ತು. ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, ಅವನ ತಗಡು ಬಿರುಕು ಬಿಡುತ್ತೆ ಅಂತ ನೀನು ಹೇಳ್ತಿದ್ದೆಯಲ್ಲೇ, ಅದೇ ತಗಡಾ ಇದು ಅಂತ ಕೇಳಿದರು. ಅದೇ ಎಂದೆ. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಇನ್ನು ಎರಡನೆಯ ಪುಟ. ಗುರುವಾರ ಸೀಟಿನವರು ಬರುತ್ತಾರೆ. ಕಾರಿನ ಸೀಟಿನ ಚೌಕಟ್ಟು ಮಾಡುವ ಆ ಜನಕ್ಕೆ ನೀವು ಆಸೆ ತೋರಿಸುತ್ತಾ ಬಂದಿದ್ದೀರಿ: ತೆಳ್ಳಗಿದ್ದೂ ಗಟ್ಟಿಯಾದ, ಗಟ್ಟಿಯಾಗಿದ್ದೂ ಅಚ್ಚಿಗೆ ಒತ್ತುವ ಪ್ರೆಸ್ಸಿನಲ್ಲಿ ಹೇಳಿದ ಆಕಾರಕ್ಕೆ ಬರುವ, ಮೈಮೇಲೆ ಸತುವಿನ ಲೇಪವಿದ್ದು ತುಕ್ಕು ಹಿಡಿಯದ ತಗಡು ಕೊಡುತ್ತೇವೆ ಎಂದು. ನಿಮ್ಮ ಪ್ರಯೋಗದ ತಗಡು ಸುತ್ತಿದ ಕಾಯಿಲ್‌ಗಳು ಪಾಸಾಗಿವೆ ಎಂದು ಪರೀಕ್ಷಾ ಕೊಠಡಿಯ ಮುಖ್ಯಸ್ಥೆಯಾದ ನಾನು ಸಹಿ ಹಾಕಿದರೆ ಮಾತ್ರ ಅವು ಗೇಟು ದಾಟುತ್ತವೆ. ಹಾಕದಿದ್ದರೆ ಅಭಿವೃದ್ಧಿ ವಿಭಾಗದಲ್ಲಿ ನಿಮ್ಮ ಕುರ್ಚಿ ಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಉತ್ತರ ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವ ತಾಳ್ಮೆ ನಿಮಗಿಲ್ಲ. ಹಾಕುವುದಿಲ್ಲ.

ಯಾಕೆ ಎಂದು ಕೇಳುತ್ತೀರಿ. ನಿಮ್ಮ ತಗಡಿನ ಕಥೆಯನ್ನು ನಿಮಗೇ ಹೇಳಿಕೊಡುವುದು ನನಗೆ ಹೊಸದಲ್ಲ, ಇನ್ನೊಂದು ಸಲ ಹೇಳುತ್ತೇನೆ.

ಉಕ್ಕು ಗಟ್ಟಿಯಾಗಲಿ ಎಂದು ನೀವು ಅದಕ್ಕೆ ಸಿಲಿಕಾನ್, ಮ್ಯಾಂಗನೀಸ್ ಸುರಿಸಿದಿರಿ. ಅಷ್ಟು ಯಾರು ಬೇಕಾದರೂ ಮಾಡುತ್ತಾರೆ, ಪುಸ್ತಕದಲ್ಲಿದೆ. ತಗಡು ಆ ಉದ್ದನೆಯ ಕುಲುಮೆಯೊಳಗೆ ಕೆಂಪಗೆ ಕಾಯುವಾಗ ಇವೆರಡೂ ಬೆವರಿನ ಹಾಗೆ ಮೈಮೇಲೆ ಬಂದು ಕುಳಿತುಕೊಳ್ಳುತ್ತವೆ ಎನ್ನುವುದೂ ಅದೇ ಪುಸ್ತಕದ ಮುಂದಿನ ಪುಟದಲ್ಲಿದೆ. ಆ ಪುಟಕ್ಕೆ ನೀವು ಹೋಗಲಿಲ್ಲ. ಕುಲುಮೆ ದಾಟಿದ ತಗಡು ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿ ಮೇಲೆದ್ದಾಗ ಬೆವರು ಕುಳಿತ ಕಡೆಯಲ್ಲೆಲ್ಲ ಸತು ಅಂಟಲಿಲ್ಲ. ಲೈನಿನಲ್ಲಿ ಕೆಲಸ ಮಾಡುವವರು ಅಂಥ ಜಾಗಕ್ಕೆ ‘ಬೋಳು’ ಅನ್ನುತ್ತಾರೆ. ಮೊದಲ ಕಾಯಿಲ್ ಪೂರ್ತಿ ಬೋಳು. ನೀವು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದು, ತೊಳೆಯೋದು ಸರಿಯಿಲ್ಲ ಅಂತ ತೊಟ್ಟಿಯವರ ಮೇಲೆ ಎಗರಾಡಿದಿರಿ. ಅವರು ಕ್ಷಾರ ಹೆಚ್ಚಿಸಿ ತೊಳೆದರು. ಮತ್ತೆ ಬೋಳು. ಹೆಚ್ಚಿನ ಸತುವನ್ನು ಊದಿ ಇಳಿಸುವ ಗಾಳಿಯ ಬಾಯಿ ಓರೆಯಾಗಿದೆ ಅಂದಿರಿ. ಬಿಚ್ಚಿ ನೇರ ಮಾಡಿದರು. ಮತ್ತೂ ಬೋಳು. ಕೊನೆಗೆ ಹವಾಮಾನ ಸರಿಯಿಲ್ಲ ಅಂದಿರಿ. ಅಂದಿನಿಂದ ತೊಟ್ಟಿಯವರ ಬಾಯಲ್ಲಿ ನಿಮ್ಮ ಹೆಸರು ಬೋಳಪ್ಪ. ನಿಮ್ಮ ನೆತ್ತಿಯ ಪರಿಸ್ಥಿತಿಯೂ ಅವರಿಗೆ ಅನುಕೂಲವಾಯಿತು. ಹೆಸರಿಟ್ಟವಳು ನಾನಲ್ಲ, ಆದರೆ ಕೇಳಿ ನಕ್ಕಿದ್ದೇನೆ.

ಕುಲುಮೆಯ ಗಾಳಿಗೆ ಚೂರು ಹಬೆ ಬಿಡೋಣ, ಆಗ ಆ ಬೆವರು ಮೈಮೇಲೆ ಬರುವ ಮುಂಚೆಯೇ ಚರ್ಮದ ಒಳಗೆ ಸಿಕ್ಕಿಕೊಳ್ಳುತ್ತದೆ, ಸತುವಿಗೆ ಶುದ್ಧ ಕಬ್ಬಿಣ ಸಿಗುತ್ತದೆ ಎಂದು ನಾನು ಹೇಳಿ ಕಳಿಸಿದೆ. ಹಬೆ ಬಿಡೋಕೆ ಅದೇನು ಅಡುಗೆಮನೆಯಾ ಅಂತ ಉತ್ತರ ಬಂತು. ನೀವು ಇನ್ನೂ ಹುಟ್ಟದ ತಗಡಿನ ಬಗ್ಗೆ ಭಾಷಣ ಮಾಡಲು ಎಲ್ಲಿಗೋ ಹೋಗಿದ್ದಾಗ ನಾನೂ ಕುಲುಮೆಯವರೂ ಸೇರಿ ಹಬೆ ಬಿಟ್ಟು ನೋಡಿದೆವು. ಕಾಯಿಲ್ ಕನ್ನಡಿಯ ಹಾಗೆ ಬಂತು. ತಿರುಗಿ ಬಂದ ನೀವು ಅದನ್ನು ಮುಟ್ಟಿ ನೋಡಿ, ಮರುದಿನದ ಸಭೆಯಲ್ಲಿ ‘ನಮ್ಮ ಹಬೆ ವಿಧಾನ’ ಎಂದಿರಿ.

ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಹಬೆ ಯಾಕೆ ಬೇಕು ಎಂದು ಕಾರ್ಖಾನೆಯ ದೊಡ್ಡವರು ಕೇಳಿದರು. ತಗಡನ್ನು ಅದು ತೊಳೆಯುತ್ತೆ ಸಾರ್ ಅಂದಿರಿ! ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು, ತೊಳೆಯೋದಿಲ್ಲ ಎಂದೆ. ಅಷ್ಟೇ ಅಂದದ್ದು. ಅವತ್ತು ಸಂಜೆ ನೀವು ಸೂಟ್‌ಕೇಸ್ ಹಿಡಿದು ಹಜಾರದಲ್ಲಿ ನಿಂತು, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ ಎಂದು ಕೂಗಾಡಿದಿರಿ. ನಿಮ್ಮ ಮರ್ಯಾದೆ ಆ ಉತ್ತರದಲ್ಲೇ ಹೋಗಿತ್ತು, ನಾನು ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ನೀವು ನಿಮ್ಮ ಅಮ್ಮನನ್ನೂ ಹೊರಡಿಸಲು ನೋಡಿದಿರಿ. ನಾನು ಬರಲ್ಲಪ್ಪ, ಇಲ್ಲಾದರೆ ಬೇಜಾರಾದಾಗ ಟಿವಿ ಆಫ್ ಮಾಡಬಹುದು, ಅಲ್ಲಿ ನಿನ್ನನ್ನ ಏನು ಮಾಡೋದು ಅಂತ ಅವರು ಕೇಳಿದ್ದು ನಿಮಗೆ ನೆನಪಿರಬಹುದು. ಆ ಮಾತನ್ನು ನಾನು ಹೇಳಿಕೊಟ್ಟೆನೆಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಅಷ್ಟು ಚೆನ್ನಾಗಿ ಮಾತಾಡಲು ನನಗೆ ಬರುವುದಿಲ್ಲ.

ಈಗ ತೂತಿನ ವಿಷಯ.

ಸೀಟಿನ ಚೌಕಟ್ಟಿನಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ, ಆ ತೂತಿನ ಅಂಚನ್ನು ಹೊರಕ್ಕೆ ಮಡಿಸಿ, ಅದರಲ್ಲಿ ತೂರಿಸುವ ಕೊಳವೆಯನ್ನು ಹಿಡಿದುಕೊಳ್ಳಲು ಕಾಲರ್ ಮಾಡುತ್ತಾರೆ. ಹಾಗೆ ಹಿಗ್ಗಿಸುವಾಗ ಅಂಚು ಹರಿಯಬಾರದು. ಹರಿದರೆ, ಕಾರು ಎಲ್ಲಿಯೋ ಗುದ್ದಿದ ದಿನ ಸೀಟು ಅದರ ಮೇಲೆ ಕುಳಿತವರ ಸಮೇತ ಕಿತ್ತುಕೊಂಡು ಬರುತ್ತದೆ. ಅದಕ್ಕೇ ನಮ್ಮ ಪರೀಕ್ಷೆ: ತಗಡಿನ ತುಂಡಿಗೆ ಪಂಚ್ ಹೊಡೆದು ತೂತು ಮಾಡುವುದು, ಕೆಳಗಿನಿಂದ ಶಂಕುವಿನಾಕಾರದ ಕಬ್ಬಿಣ ನುಗ್ಗಿಸುವುದು, ಅಂಚು ಬಿರುಕು ಬಿಡುವವರೆಗೆ ಎಷ್ಟು ಹಿಗ್ಗಿತು ಎಂದು ಅಳೆಯುವುದು. ನಿಮ್ಮ ಅಭಿವೃದ್ಧಿ ವಿಭಾಗದ ಕಟ್ಟಡದಿಂದ ಬಂದ ಫಲಿತಾಂಶದಲ್ಲಿ ತೂತು ಎಲ್ಲರ ನಿರೀಕ್ಷೆಯ ಎರಡರಷ್ಟು ಹಿಗ್ಗಿತ್ತು. ನೀವು ಅದಕ್ಕಿಂತ ಹೆಚ್ಚು ಹಿಗ್ಗಿದಿರಿ; ಇಡೀ ಕಚೇರಿಗೆ ಕೇಕ್ ಹಂಚಿದಿರಂತೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಈ ಮನುಷ್ಯ ಕೊನೆಗೂ ಏನೋ ಮಾಡಿದನಲ್ಲ ಅನ್ನಿಸಿತು. ಆ ತುಂಡುಗಳನ್ನು ತರಿಸಿಕೊಂಡು ದೀಪದ ಕೆಳಗೆ ಹಿಡಿದೆ.

ತೂತಿನ ಒಳ ಅಂಚು ಉಂಗುರದ ಹಾಗೆ ಹೊಳೆಯುತ್ತಿತ್ತು. ಪಂಚ್ ಹೊಡೆದ ತೂತು ಯಾವತ್ತೂ ಹಾಗಿರುವುದಿಲ್ಲ. ಪಂಚ್ ಅರ್ಧ ಕತ್ತರಿಸುತ್ತದೆ, ಅರ್ಧ ಹರಿದುಹಾಕುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದ ಗಾಯಗಳಿರುತ್ತವೆ, ಹಿಗ್ಗಿಸುವಾಗ ಬಿರುಕು ಹೊರಡುವುದು ಅಲ್ಲಿಂದಲೇ. ನೀವು ತೂತನ್ನು ಡ್ರಿಲ್ ಹಾಕಿ ಕೊರೆಸಿ, ಅಂಚನ್ನು ನಯ ಮಾಡಿಸಿದ್ದಿರಿ. ಗಾಯವೇ ಇಲ್ಲದ ತೂತು ಹಿಗ್ಗದೆ ಇನ್ನೇನು ಮಾಡುತ್ತದೆ? ಫೋನ್ ಮಾಡಿ ಕೇಳಿದೆ. ಪಂಚ್ ಹೊಡೆದರೆ ನೋಡೋಕೆ ಚೆನ್ನಾಗಿರಲ್ಲ, ಅದಕ್ಕೇ ನೀಟಾಗಿ ಕೊರೆಸಿದೆ, ಅದರಲ್ಲೇನು, ತೂತು ತೂತೇ ಅಲ್ವಾ ಅಂದಿರಿ.

ಅಲ್ಲಿಗೆ ಫೋನ್ ಇಟ್ಟೆ. ನೀವು ಮೋಸ ಮಾಡಿದ್ದೀರಿ ಎಂದುಕೊಂಡಿದ್ದೆ. ಮೋಸಗಾರನಿಗೆ ಕನಿಷ್ಠ ಸತ್ಯ ಯಾವುದು ಅಂತ ಗೊತ್ತಿರುತ್ತದೆ, ಅದನ್ನು ಮುಚ್ಚುವಷ್ಟಾದರೂ ಬುದ್ಧಿ ಇರುತ್ತದೆ. ನೀವು ಅದೂ ಅಲ್ಲ. ಚೆಂದ ಕಾಣಲಿ ಎಂದು ತೂತು ಕೊರೆಸಿದ ಮನುಷ್ಯ. ಸೀಟಿನವರ ಪ್ರೆಸ್ಸಿನಲ್ಲಿ ಯಾರು ರೀ ಕೂತು ಒಂದೊಂದು ತೂತನ್ನೂ ಡ್ರಿಲ್ ಹಾಕಿ, ಅಂಚು ಉಜ್ಜಿ, ಮುದ್ದು ಮಾಡುತ್ತಾರೆ? ದಡ್ ಎಂದು ಪಂಚ್ ಬೀಳುತ್ತದೆ, ಮುಂದಿನ ತಗಡು ಬರುತ್ತದೆ. ನಿಮ್ಮದೇ ಕಾಯಿಲ್‌ನ ತುಂಡಿಗೆ ನಾನು ಪಂಚ್ ಹೊಡೆದು ಹಿಗ್ಗಿಸಿ ನೋಡಿದೆ. ಶಂಕು ಇನ್ನೂ ಸರಿಯಾಗಿ ಒಳಗೆ ಹೋಗಿರಲಿಲ್ಲ, ಟಕ್ ಎಂದಿತು. ಎಲ್ಲ ತುಂಡುಗಳೂ ಹಾಗೆಯೇ. ಆ ಸದ್ದು ಕೇಳಿ ನನಗೆ ಸಂತೋಷವಾಯಿತು ಎಂದುಕೊಂಡರೆ ಅದು ನಿಮ್ಮ ಸಣ್ಣ ಬುದ್ಧಿ. ಸಂತೋಷವಾಗಲಿಲ್ಲ.

ಇದನ್ನೆಲ್ಲ ನಿಮಗೆ ಹೇಳಿ ಕಳಿಸಿದ ಮೇಲೂ ನೀವು ಬರೆದಿರುವುದೇನು? ಪ್ರಮಾಣಪತ್ರದಲ್ಲಿ ಬರೀ ‘ತೂತಿನ ಹಿಗ್ಗುವಿಕೆ’ ಎಂದಿದೆ, ಯಾವ ತೂತು ಅಂತ ಇಲ್ಲ, ಅದರಿಂದ ಸುಳ್ಳೇನೂ ಆಗುವುದಿಲ್ಲ, ನೀನು ಸಹಿ ಹಾಕು, ಆಮೇಲೆ ಎಲ್ಲ ಸರಿಮಾಡಿಕೊಳ್ಳೋಣ, ನಾನೂ ಮನೆಗೆ ಬರುತ್ತೇನೆ. ಶುಕ್ರವಾರದವರೆಗೆ ನೀವು ಬರೀ ದಡ್ಡರಾಗಿದ್ದಿರಿ. ಈ ಸಾಲು ಬರೆದ ಕ್ಷಣಕ್ಕೆ ಕಳ್ಳರೂ ಆದಿರಿ. ಇಷ್ಟು ದಿನಕ್ಕೆ ಒಂದು ಬಡ್ತಿ ಸಿಕ್ಕಿತು ಎಂದುಕೊಳ್ಳಿ. ಮತ್ತೆ, ಮನೆಗೆ ಬರುವುದನ್ನು ನೀವು ಬಹುಮಾನದ ಹಾಗೆ ಮುಂದಿಟ್ಟಿದ್ದೀರಲ್ಲ, ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಿಮ್ಮ ಮೇಲೆ ನನಗೆ ಕೋಪ ಎಂದು ನೀವು ಎಲ್ಲರ ಹತ್ತಿರ ಹೇಳುತ್ತೀರಿ. ಕೋಪವಿಲ್ಲ. ಕೋಪ ಬರಬೇಕಾದರೆ ಎದುರಿಗಿರುವವರು ಸ್ವಲ್ಪವಾದರೂ ಸಮನಾಗಿರಬೇಕು. ಇದು ತಾತ್ಸಾರ. ಒಂದು ಕಾಲದಲ್ಲಿ ನೀವು ಪ್ರೆಸ್ಸಿನ ಪಕ್ಕ ನಿಂತು ತಗಡಿನ ಸದ್ದು ಕೇಳಿಯೇ ಇದು ಹರಿಯುತ್ತೆ ನೋಡು ಎನ್ನುತ್ತಿದ್ದವರು. ಅಂಗಿಯ ತೋಳೆಲ್ಲ ಎಣ್ಣೆ. ಆ ಮನುಷ್ಯನನ್ನು ನಾನು ಮದುವೆಯಾದೆ. ಅವನು ಯಾವಾಗ ಹೊರಟುಹೋದ, ಅವನ ಶರಟು ಹಾಕಿಕೊಂಡು ನೀವು ಯಾವಾಗ ಬಂದಿರಿ, ನನಗೆ ತಿಳಿಯಲೇ ಇಲ್ಲ. ಅದೊಂದಕ್ಕೆ ಮಾತ್ರ ನನಗೆ ದುಃಖವಿದೆ.

ಹಾಗಾದರೆ ಗುರುವಾರ ಸೀಟಿನವರಿಗೆ ಏನು ತೋರಿಸುವುದು ಎಂದು ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ತಗಡು ಯಾಕೆ ಬಿರುಕು ಬಿಡುತ್ತದೆ ಗೊತ್ತೇ? ಅದರ ಒಳಗೆ ಮೆತ್ತನೆಯ ಹಿಟ್ಟಿನಲ್ಲಿ ಕಲ್ಲುಸಕ್ಕರೆ ಕಲೆಸಿದ ಹಾಗಿದೆ. ಮೆದು ಭಾಗ ತೀರ ಮೆದು, ಗಟ್ಟಿ ಹರಳು ತೀರ ಗಟ್ಟಿ. ಎಳೆದಾಗ ಮೆದುವಾದದ್ದು ಹಿಗ್ಗುತ್ತದೆ, ಹರಳು ಜಗ್ಗುವುದಿಲ್ಲ, ಇಬ್ಬರ ನಡುವಿನ ಗಡಿ ಬಾಯಿಬಿಡುತ್ತದೆ. ನಾನೂ ಕುಲುಮೆಯವರೂ ಸೇರಿ ಇನ್ನೊಂದು ಕಾಯಿಲ್ ಮಾಡಿದೆವು; ಕುಲುಮೆಯಿಂದ ಬಂದ ತಗಡನ್ನು ನೀವು ಹೇಳಿದ ಹಾಗೆ ಒಮ್ಮೆಲೇ ತಣ್ಣಗೆ ಮಾಡದೆ, ನಡುವೆ ಒಂದು ಹದದ ಬಿಸಿಯಲ್ಲಿ ನಿಲ್ಲಿಸಿ, ಆಮೇಲೆ ಸತುವಿಗೆ ಇಳಿಸಿದೆವು. ಹರಳಿನ ಪೊಗರು ಸ್ವಲ್ಪ ಇಳಿಯಿತು. ಮೆದು ಭಾಗಕ್ಕೆ ಬಲ ಬರಲೆಂದು ಉಕ್ಕು ಕರಗಿಸುವವರಿಂದ ಚಿಟಿಕೆಯಷ್ಟು ನಯೋಬಿಯಂ ಎಂಬ ಲೋಹ ಹಾಕಿಸಿದ್ದೆ, ಕಣಗಳು ಸಣ್ಣಗಾದವು. ಇದರಲ್ಲಿ ಸಂಸಾರದ ನೀತಿ ಹುಡುಕಬೇಡಿ, ನಿಮಗೆ ಆ ಚಟವಿದೆ. ಬರೀ ಉಕ್ಕಿನ ವಿಷಯ ಹೇಳುತ್ತಿದ್ದೇನೆ.

ಗಟ್ಟಿತನ ನೀವು ಕೊಚ್ಚಿಕೊಂಡಷ್ಟಿಲ್ಲ, ಸೀಟಿನವರು ಕೇಳಿದಷ್ಟಿದೆ. ಬೋಳು ಇಲ್ಲ. ಮಡಿಸಿದರೆ ಸತು ಉದುರುವುದಿಲ್ಲ. ಪಂಚ್ ಹೊಡೆದ ತೂತು ಹಿಗ್ಗುತ್ತಾ ಹಿಗ್ಗುತ್ತಾ ಹೋಯಿತು, ನಾನು ಕಿವಿಗೊಟ್ಟು ನಿಂತಿದ್ದೆ, ಬೇಕಾದ ಗೆರೆ ದಾಟಿದ ಮೇಲೂ ಸದ್ದಿಲ್ಲ. ತೊಟ್ಟಿಯವರು ಶಿಳ್ಳೆ ಹೊಡೆದರು. ಆ ಕಾಯಿಲ್‌ಗೆ ನಾನು ಸಹಿ ಹಾಕಿದ್ದೇನೆ. ಗುರುವಾರ ಅದನ್ನೇ ತೋರಿಸುತ್ತೇನೆ, ನಿಮ್ಮದರ ಪಕ್ಕದಲ್ಲಿಟ್ಟು, ಎರಡಕ್ಕೂ ಅವರ ಮುಂದೆಯೇ ಪಂಚ್ ಹೊಡೆದು. ಆ ಹೊತ್ತಿಗೆ ನಿಮಗೆ ಹಲ್ಲುನೋವು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಿಮ್ಮ ಕುರ್ಚಿಯ ವಿಷಯ ಕೇಳಿದ್ದೀರಿ, ದೊಡ್ಡವರು ಏನಾದರೂ ಅಂದರಾ, ನನ್ನ ಜಾಗಕ್ಕೆ ಯಾರು ಬರುತ್ತಾರಂತೆ ಎಂದು. ಅದೆಲ್ಲ ಮೇಲಿನವರ ತಲೆನೋವು. ನಾನು ಪರೀಕ್ಷಾ ಕೊಠಡಿಯಲ್ಲಿ ತಗಡು ಹರಿಯುವವಳು, ಯಾರ ಕುರ್ಚಿಯಲ್ಲಿ ಯಾರು ಕೂರುತ್ತಾರೋ ನನಗೆ ಗೊತ್ತಿಲ್ಲ. ನನ್ನನ್ನು ಕೇಳಬೇಡಿ.

ಮನೆಯಲ್ಲಿ ಎಲ್ಲ ಸರಿಯಾಗಿದೆ. ನಲ್ಲಿ ಸೋರುತ್ತಿದ್ದದ್ದನ್ನು ನಾನೇ ಸರಿಮಾಡಿದೆ. ಅತ್ತೆಯ ಮಂಡಿನೋವು ಪರವಾಗಿಲ್ಲ. ನಿಮ್ಮ ಬಟ್ಟೆಗಳು ಕಪಾಟಿನಲ್ಲಿ ಇದ್ದಲ್ಲಿಯೇ ಇವೆ, ತೆಗೆದಿಡಲು ನನಗೆ ಪುರುಸೊತ್ತಾಗಿಲ್ಲ, ಅಷ್ಟೇ.

ಇಂತಿ,
ಪರೀಕ್ಷಾ ಕೊಠಡಿಯ ಮುಖ್ಯಸ್ಥೆ
(ಕಾನೂನಿನ ಪ್ರಕಾರ ಇನ್ನೂ ನಿಮ್ಮ ಹೆಂಡತಿ)

ವಿ. ಸೂ.: ಅಕ್ಷರ ನೋಡಿ ಗಾಬರಿಯಾಗಬೇಡ, ಇದು ನಾನು, ನಿನ್ನ ಅಮ್ಮ. ಅಂಟಿಸಿ ನಾಳೆ ಕಾರ್ಖಾನೆಯ ಟಪಾಲು ಗಾಡಿಯವನಿಗೆ ಕೊಡಿ ಅಂತ ಕಾಗದ ನನ್ನ ಕೈಗಿಟ್ಟು ಅವಳು ಸ್ನಾನಕ್ಕೆ ಹೋಗಿದಾಳೆ. ಅಂಟಿಸೋ ಮುಂಚೆ ಓದಿದೆ. ಎಲ್ಲ ಸರಿಯಾಗೇ ಬರೆದಿದಾಳೆ, ನಾನಾಗಿದ್ದರೆ ಇನ್ನೂ ನಾಲ್ಕು ಬಿಗಿದು ಬರೀತಿದ್ದೆ. ಒಂದು ಕಡೆ ಮಾತ್ರ ಸುಳ್ಳು ಹೇಳಿದಾಳೆ. ಕುರ್ಚಿ ಯಾರಿಗೆ ಅಂತ ಅವಳಿಗೆ ಗೊತ್ತು. ಅವಳಿಗೇ. ದೊಡ್ಡವರು ನಿನ್ನೆ ಅವಳನ್ನ ಕರೆಸಿ ಹೇಳಿದರಂತೆ. ಡ್ರಿಲ್ ಹಾಕಿದ ತೂತಿನ ಕಥೆ ಅವರಿಗೆ ಆಗಲೇ ಗೊತ್ತಂತೆ. ನಿಮ್ಮ ಗಂಡನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತೀವಿ, ಅವರ ಜಾಗಕ್ಕೆ ನೀವು ಬನ್ನಿ ಅಂದ್ರಂತೆ. ಅದಕ್ಕೆ ಇವಳು, ಅವರನ್ನ ತೆಗೀಬೇಡಿ, ನನ್ನ ಪರೀಕ್ಷಾ ಕೊಠಡೀಲಿ ತುಂಡು ಕತ್ತರಿಸೋ ಕೆಲಸಕ್ಕೆ ಹಾಕಿ, ಪಂಚ್ ಹೊಡೆಯೋದು ಅವರಿಗೆ ಮರೆತು ಹೋಗಿದೆ, ಮತ್ತೆ ಬರುತ್ತೆ, ಆಗಲ್ಲ ಅಂದ್ರೆ ಆ ಕುರ್ಚಿ ನನಗೂ ಬೇಡ ಅಂದಳಂತೆ. ದೊಡ್ಡವರು ಒಪ್ಪಿ, ಪರೀಕ್ಷಾ ಕೊಠಡೀನೂ ಅವಳ ಕೈಕೆಳಗೇ ಬಿಟ್ಟರಂತೆ. ಮನೆಗೆ ಬಂದು ನನ್ನ ಮುಂದೆ ಕೂತು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ತೆಗೆದು ಹಾಕಲಿ ಬಿಡೇ, ಹೆತ್ತವಳು ನಾನೇ ಹೇಳ್ತಿದೀನಿ ಅಂದೆ. ಕೇಳಲಿಲ್ಲ. ಇದನ್ನ ನಿನಗೆ ಬರೀಬೇಕು ಅಂತ ಬೆಳಿಗ್ಗೆಯಿಂದ ಕೂತಿದ್ದಳು, ಬರೆಯೋದು, ಹರಿಯೋದು. ಕೊನೆಗೆ ಬಿಟ್ಟೇಬಿಟ್ಟಳು. ಅದಕ್ಕೇ ನಾನು ಬರೀತಿದೀನಿ. ಗುರುವಾರ ಹಲ್ಲುನೋವು ಅಂತ ಮಲಗಬೇಡ. ಬಂದು ಆ ಸೀಟಿನವರ ಮುಂದೆ, ತೂತು ಕೊರೆಸಿದ್ದು ನಾನೇ ಅಂತ ನಿನ್ನ ಬಾಯಲ್ಲೇ ಹೇಳು. ಶುಕ್ರವಾರದಿಂದ ನಿನ್ನ ಹೆಂಡತಿ ಕೈಕೆಳಗೆ ಕೆಲಸ. ಮಾನ ದೊಡ್ಡದು ಅನ್ನಿಸಿದರೆ ಬರಬೇಡ. ಬುದ್ಧಿ ಬಂದಿದ್ದರೆ ಬಾ.